ಮನಸ್ಸು ಅಳೆಯುವ ಮೇಷ್ಟ್ರು ರೇಡಿಯೊ ಕಟ್ಟಿದ ಕಥೆ

ಕೌನ್ಸೆಲಿಂಗ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕೆಇಎ ವೆಬ್‌ಸೈಟು, ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟು. ಮನೆಯಲ್ಲಿ ಕೂತು ಸಿವಿಲ್ಲೋ, ಇ ಅಂಡ್ ಸಿನೋ ಅಂತ ಅಪ್ಪನ ಜೊತೆ ವಾದ ಮಾಡಿದ ಆ ಎರಡು ವಾರ. ಮನಸ್ಸಿಗೆ ಸಂಬಂಧಪಟ್ಟ ಕೌನ್ಸೆಲಿಂಗ್ ಅಂತ ಇನ್ನೊಂದಿದೆ ಅನ್ನೋದು ಕ್ಯಾಂಪಸ್ಸಿಗೆ ಬಂದ ಮೇಲೆ ಗೊತ್ತಾಗತ್ತೆ. ಗೊತ್ತಾದರೂ ಆ ಕೋಣೆಯ ಬಾಗಿಲು ತಟ್ಟುವವರು ಕಡಿಮೆ. ಯಾರಾದರೂ ನೋಡಿಬಿಟ್ಟರೆ ಏನಂದುಕೊಳ್ತಾರೋ ಅನ್ನೋ ಭಯ.

ಶಿವಮೊಗ್ಗದಲ್ಲಿ ಈ ಮಾತು ಎತ್ತಿದರೆ ಡಾ. ಅಶೋಕ್ ಪೈ ಅವರ ಹೆಸರು ಬಂದೇ ಬರತ್ತೆ. 2016ರಲ್ಲಿ ತೀರಿಕೊಂಡ ಈ ಮನೋವೈದ್ಯರು ಮನಸ್ಸಿನ ಕಾಯಿಲೆಯ ವಿಷಯವನ್ನು ಆಸ್ಪತ್ರೆಯಿಂದ ಆಚೆ ತಂದು ಪತ್ರಿಕೆಗೆ, ಸಿನಿಮಾಕ್ಕೆ ಮುಟ್ಟಿಸಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ಕಾಡಿನ ಬೆಂಕಿ ಚಿತ್ರದ ಹಿಂದೆ ಅವರಿದ್ದರು. ಆದರೆ ನಾವು ಈ ಸಲ ಬರೆಯಲು ಹೊರಟಿರೋದು ಅವರಿಗಿಂತ ಬಹಳ ಹಿಂದಿನ ಒಬ್ಬರ ಬಗ್ಗೆ. ಅವರು ಡಾಕ್ಟರಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಮೈಸೂರಿನವರು. ನಮ್ಮೂರಿಗೂ ಅವರಿಗೂ ಏನು ಸಂಬಂಧ ಅಂತ ಕೇಳಿದರೆ, ಭದ್ರಾವತಿ ಕಡೆ ಕಿವಿ ಕೊಡಿ. ಬೆಳಿಗ್ಗೆ ರೇಡಿಯೊದಲ್ಲಿ ಆಕಾಶವಾಣಿ ಭದ್ರಾವತಿ ಅಂತ ಕೇಳಿಸತ್ತಲ್ಲ, ಅದರ ಮೊದಲನೇ ಪದ ಈ ಮೇಷ್ಟ್ರ ಮನೆಯಿಂದ ಬಂದದ್ದು.

ಹೆಸರು ಡಾ. ಎಂ.ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ರೇಡಿಯೊ ಇತಿಹಾಸ ಬರೆಯುವವರು ಅವರನ್ನು ಮನಶ್ಶಾಸ್ತ್ರದ ಪ್ರೊಫೆಸರ್ ಅಂತ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗ್ತಾರೆ. ಮನಶ್ಶಾಸ್ತ್ರದ ಇತಿಹಾಸ ಬರೆಯುವವರು ರೇಡಿಯೊ ಸುದ್ದಿಯನ್ನೇ ಎತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಮನುಷ್ಯ ಅರ್ಥವಾಗ್ತಾರೆ ಅನ್ನೋದು ನಮ್ಮ ಅಭಿಪ್ರಾಯ.

ಕಥೆ ಶುರುವಾಗೋದು 1920ರ ದಶಕದ ಮೈಸೂರು ಸಂಸ್ಥಾನದಲ್ಲಿ. 1916ರಲ್ಲಿ ವಿಶ್ವವಿದ್ಯಾನಿಲಯ ಆಗಿತ್ತು. 1923ರಲ್ಲಿ, ಬೆಂಕಿಪುರ ಅಂತ ಕರೆಸಿಕೊಳ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತ್ತು. ಆಗ ಮೈಸೂರಿಗೆ ಕುಲಪತಿಯಾಗಿ ಬಂದಿದ್ದವರು ಬಂಗಾಳದ ಬ್ರಜೇಂದ್ರನಾಥ ಸೀಲ್. ಅವರು ತತ್ವಶಾಸ್ತ್ರದವರು. ಆದರೆ ಕಲ್ಕತ್ತಾದಲ್ಲಿದ್ದಾಗ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಪಠ್ಯಕ್ರಮ ರೂಪಿಸಿಕೊಟ್ಟಿದ್ದರು. ಅಲ್ಲಿ 1916ರಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಆಯಿತು. ಎರಡನೆಯದು ಎಲ್ಲಿ? ಬೊಂಬಾಯಿಯಲ್ಲಲ್ಲ, ಮದ್ರಾಸಿನಲ್ಲೂ ಅಲ್ಲ. 1924ರಲ್ಲಿ, ಮೈಸೂರಿನಲ್ಲಿ. ಅದನ್ನು ವಹಿಸಿಕೊಂಡವರು ಲಂಡನ್ನಿನಲ್ಲಿ ಓದಿ ಬಂದಿದ್ದ ಗೋಪಾಲಸ್ವಾಮಿ.

ಲಂಡನ್ನಿನಲ್ಲಿ ಯಾರ ಕೈಕೆಳಗೆ ಅಂತ ಹೇಳಿದರೆ ನಮ್ಮ ಮ್ಯಾಥ್ಸ್ ಮೇಷ್ಟ್ರಿಗೆ ಖುಷಿಯಾಗತ್ತೆ. ಯೂನಿವರ್ಸಿಟಿ ಕಾಲೇಜಿನ ಚಾರ್ಲ್ಸ್ ಸ್ಪಿಯರ್‌ಮನ್. ಹೌದು, ಎಕ್ಸಾಮಿಗೆ ಮುಂಚಿನ ರಾತ್ರಿ ನಾವು ಬಾಯಿಪಾಠ ಮಾಡುವ ರ‍್ಯಾಂಕ್ ಕೋರಿಲೇಷನ್ ಸೂತ್ರದ ಅದೇ ಸ್ಪಿಯರ್‌ಮನ್. ಆ ಸೂತ್ರ ಹುಟ್ಟಿದ್ದು ಗಣಿತದ ವಿಭಾಗದಲ್ಲಲ್ಲ, ಮನಶ್ಶಾಸ್ತ್ರದ ಒಂದು ಜರ್ನಲ್ಲಿನಲ್ಲಿ, 1904ರಲ್ಲಿ. ಮನುಷ್ಯ ಕೂಡ ವಿಚಿತ್ರ. ವರ್ಷಗಟ್ಟಲೆ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಬರ್ಮಾದಲ್ಲಿ ಯುದ್ಧ ನೋಡಿ, ಆಮೇಲೆ ಕೆಲಸ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ನಲವತ್ತು ದಾಟಿದ ಮೇಲೆ ಪಿಎಚ್‌ಡಿ ತಗೊಂಡವರು. ಬ್ಯಾಕ್‌ಲಾಗ್ ಇರುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಸ್ಪಿಯರ್‌ಮನ್ ಕಂಡದ್ದು ಇಷ್ಟು. ಒಂದು ತರಗತಿಯ ಹುಡುಗರ ಬೇರೆ ಬೇರೆ ವಿಷಯದ ಅಂಕ ತಗೊಂಡು ಒಂದಕ್ಕೊಂದು ಕೋರಿಲೇಷನ್ ಹಾಕಿದರೆ, ಎಲ್ಲವೂ ಸ್ವಲ್ಪಮಟ್ಟಿಗೆ ಜೊತೆಜೊತೆಗೇ ಏರುತ್ತವೆ, ಇಳಿಯುತ್ತವೆ. ಹಾಗಾದರೆ ಒಳಗೆ ಸಾಮಾನ್ಯವಾದ ಒಂದು ಅಂಶ ಇರಬೇಕು ಅಂತ ಅವರ ವಾದ. ಅದಕ್ಕೆ ಜಿ ಅಂತ ಒಂದೇ ಅಕ್ಷರದ ಹೆಸರಿಟ್ಟರು. ಆ ಅಂಶವನ್ನು ಹೊರಗೆ ಎಳೆಯಲು ಕಟ್ಟಿದ ಲೆಕ್ಕವೇ ಫ್ಯಾಕ್ಟರ್ ಅನಾಲಿಸಿಸ್. ಇವತ್ತು ಮಷೀನ್ ಲರ್ನಿಂಗ್ ಲ್ಯಾಬಿನಲ್ಲಿ ಪಿಸಿಎ ಕೋಡ್ ಓಡಿಸ್ತೀವಲ್ಲ, ಅದರ ಹತ್ತಿರದ ನೆಂಟ. ಜಿ ಅನ್ನೋದು ನಿಜವಾಗಿ ತಲೆಯೊಳಗಿರುವ ವಸ್ತುವೋ ಅಥವಾ ಲೆಕ್ಕದಿಂದ ಎದ್ದ ನೆರಳೋ ಅನ್ನೋ ಜಗಳ ನೂರು ವರ್ಷ ಆದರೂ ಮುಗಿದಿಲ್ಲ.

ಈ ಗರಡಿಯಲ್ಲಿ ಪಳಗಿದ ಗೋಪಾಲಸ್ವಾಮಿಯವರ ಸಂಶೋಧನೆ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಅಚ್ಚಾಯಿತು. ವಿಷಯ, ಮೋಟಾರ್ ಲರ್ನಿಂಗ್‌ನಲ್ಲಿ ಬುದ್ಧಿಯ ಪಾತ್ರ. ಮರುವರ್ಷ ಅದೇ ಜರ್ನಲ್ಲಿನಲ್ಲಿ ಇನ್ನೊಂದು, ಅಂಥ ಕಲಿಕೆಯ ಮಿತವ್ಯಯದ ಬಗ್ಗೆ. ಟ್ರಿಪಲ್ ಇ ಗೆಳೆಯರು ಹಿಗ್ಗಬೇಡಿ, ಇದು ಇಂಡಕ್ಷನ್ ಮೋಟಾರ್ ಅಲ್ಲ. ಕೈಕಾಲು ಕಲಿಯುವ ಕೆಲಸಗಳಿಗೆ ಆ ಹೆಸರು. ಮೊದಲ ಸಲ ಬೈಕಿನ ಕ್ಲಚ್ ಬಿಟ್ಟಾಗ ಗಾಡಿ ಜಿಗಿದು ನಿಂತದ್ದು, ಹತ್ತನೇ ದಿನ ಕಾಲು ಕೈ ತಾವೇ ಕೆಲಸ ಮಾಡಿದ್ದು, ಅದೇ. ಆ ಕಾಲದ ಲ್ಯಾಬುಗಳಲ್ಲಿ ಇಂಥದ್ದಕ್ಕೆ ಸರಳ ಪ್ರಯೋಗಗಳಿದ್ದವು. ಕಾಗದದ ಮೇಲೆ ಒಂದು ನಕ್ಷತ್ರ, ಅದು ನೇರ ಕಾಣದ ಹಾಗೆ ಅಡ್ಡ, ಎದುರಿಗೆ ಕನ್ನಡಿ. ಕನ್ನಡಿ ನೋಡಿಕೊಂಡೇ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮಾಡಿ ನೋಡಿ, ಮೊದಲ ಮೂಲೆಯಲ್ಲೇ ಕೈ ಹಟ ಹಿಡಿದು ನಿಲ್ಲತ್ತೆ. ಪ್ರತಿ ಸಲ ಎಷ್ಟು ಸೆಕೆಂಡು, ಎಷ್ಟು ತಪ್ಪು ಅಂತ ಬರೆದರೆ ಕಲಿಕೆಯ ಗ್ರಾಫ್ ಸಿಗತ್ತೆ. ಕೇಳಬೇಕಾದ ಪ್ರಶ್ನೆ, ಆ ಗ್ರಾಫ್ ಬೇಗ ಇಳಿಯುವುದು ಬರೀ ಅಭ್ಯಾಸದಿಂದಲೋ, ಅಥವಾ ತಲೆಯೂ ಅದರಲ್ಲಿ ಪಾಲು ತಗೊಳ್ಳತ್ತೋ.

ಮೈಸೂರಿಗೆ ಬಂದ ಮೇಲೆ ಅವರು ಮನಶ್ಶಾಸ್ತ್ರವನ್ನು ತತ್ವಶಾಸ್ತ್ರದ ಬಾಲದಿಂದ ಬಿಡಿಸಿ ಲ್ಯಾಬಿಗೆ ತಂದರು. ಪ್ರಾಣಿಗಳ ಮೇಲೆ ಕಲಿಕೆಯ ಪ್ರಯೋಗ ಮಾಡುವ ಪ್ರಯೋಗಾಲಯ ಭಾರತದಲ್ಲಿ ಮೊದಲು ಆದದ್ದು ಇಲ್ಲೇ, ಇವರ ಕೈಯಲ್ಲೇ. ಮಹಾರಾಜಾ ಕಾಲೇಜು ಅಂದರೆ ಸಾಹಿತ್ಯದ ದಿಗ್ಗಜರಷ್ಟೇ ಅಂತ ನಮ್ಮ ತಲೆಯಲ್ಲಿ ಕೂತಿದೆ. ಅದೇ ಅಂಗಳದಲ್ಲಿ ಇಂಥದ್ದೂ ನಡೆದಿತ್ತು.

ಇನ್ನೊಂದು ಕೆಲಸ ಹಿಡಿದರು. ನಮ್ಮ ಪ್ರಕಾರ ಅದೇ ಅವರ ವಿದ್ವತ್ತಿನ ತಿರುಳು. ಪಶ್ಚಿಮದ ಬುದ್ಧಿಮಾಪನ ಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಒಗ್ಗುವಂತೆ ಮಾರ್ಪಡಿಸುವುದು.

ಇದು ಬರೀ ಅನುವಾದದ ಕೆಲಸ ಅಲ್ಲ. ನಾವೇ ಒಂದು ಪ್ರಶ್ನೆ ಕಟ್ಟೋಣ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಯಾಕೆ ಕಟ್ತಾರೆ? ತೀರ್ಥಹಳ್ಳಿ, ಹೊಸನಗರದ ಕಡೆಯ ಎಂಟು ವರ್ಷದ ಮಗು ಕೊಳೆರೋಗಕ್ಕೆ ಅಂತ ಥಟ್ಟನೆ ಹೇಳತ್ತೆ. ಲಂಡನ್ನಿನ ಮಗು ಕಣ್ಣು ಕಣ್ಣು ಬಿಡತ್ತೆ. ಹಾಗಂತ ಲಂಡನ್ನಿನ ಮಗು ದಡ್ಡ ಅಂತ ಬರೆದುಬಿಡೋದೇ? ಬರೆದರೆ ನಗ್ತಾರೆ. ಆದರೆ ತಿರುಗುಮುರುಗಾಗಿ ಇದನ್ನೇ ಮಾಡಿದಾಗ ಬಹಳ ಕಾಲ ಯಾರೂ ನಗಲಿಲ್ಲ. ಅಲ್ಲಿನ ಮಕ್ಕಳಿಗೆ ಕಟ್ಟಿದ ಪ್ರಶ್ನೆಯನ್ನು ಇಲ್ಲಿನ ಮಕ್ಕಳ ಮುಂದಿಟ್ಟು, ಬಂದ ಅಂಕವನ್ನು ಬುದ್ಧಿ ಅಂತಲೇ ಓದಿದರು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಕ್ಯಾಲಿಬ್ರೇಷನ್ ಸಮಸ್ಯೆ. ಮೀಟರಿನ ಸೊನ್ನೆಯೇ ಪಕ್ಕಕ್ಕೆ ಸರಿದಿದ್ದರೆ ನೂರು ಸಲ ಓದಿ ಸರಾಸರಿ ತೆಗೆದರೂ ಉತ್ತರ ತಪ್ಪೇ. ರ‍್ಯಾಂಡಮ್ ಎರರ್ ಸರಾಸರಿಯಲ್ಲಿ ಕರಗತ್ತೆ, ಸಿಸ್ಟಮ್ಯಾಟಿಕ್ ಎರರ್ ಕರಗಲ್ಲ. ಅದಕ್ಕೇ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ, ಸ್ಥಳೀಯ ವಸ್ತುಗಳಲ್ಲಿ ಮರುಕಟ್ಟಬೇಕು. ನಂತರ ನೂರಾರು ಸ್ಥಳೀಯ ಮಕ್ಕಳಿಗೆ ಕೊಟ್ಟು, ಯಾವ ವಯಸ್ಸಿಗೆ ಎಷ್ಟು ಸಹಜ ಅಂತ ಹೊಸದಾಗಿ ಅಳತೆಗೋಲು ಮಾಡಬೇಕು. ಬೇಸರದ ಕೆಲಸ, ಹೆಸರು ತರುವ ಕೆಲಸವಲ್ಲ. ಇದರಲ್ಲಿ ಗೋಪಾಲಸ್ವಾಮಿ ಒಬ್ಬರೇ ಇರಲಿಲ್ಲ. ಲಾಹೋರಿನಲ್ಲಿ ಹರ್ಬರ್ಟ್ ರೈಸ್ ಹಿಂದೂಸ್ತಾನಿಯಲ್ಲಿ ಮಾಡಿದರು. ಧಾರವಾಡದ ಕಡೆ ವಿ.ವಿ. ಕಾಮತ್ ಅವರು ಫ್ರಾನ್ಸಿನ ಆಲ್ಫ್ರೆಡ್ ಬಿನೆ ಕಟ್ಟಿದ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಅದು ಮುಂದೆ ದಶಕಗಟ್ಟಲೆ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಾಯಿತು.

ಇದೆಲ್ಲ ಹಳೇ ಕಥೆ ಅಂತ ಪುಟ ತಿರುಗಿಸಬೇಡಿ. ಏಳನೇ ಸೆಮಿಸ್ಟರಿನಲ್ಲಿ ಕಂಪನಿ ಬಂದಾಗ ಮೊದಲ ಸುತ್ತು ಏನಿರತ್ತೆ? ಆಪ್ಟಿಟ್ಯೂಡ್ ಟೆಸ್ಟು. ಅದರ ವಂಶವೃಕ್ಷ ಹಿಡಿದು ಹತ್ತಿದರೆ ಸಿಗೋದು ಬಿನೆ, ಸ್ಪಿಯರ್‌ಮನ್ ಮತ್ತು ಅವರ ಶಿಷ್ಯರೇ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಸೊರಬದಿಂದಲೋ ಶಿಕಾರಿಪುರದಿಂದಲೋ ಬಂದು, ಸರ್ಕ್ಯೂಟನ್ನು ನೋಡಿದ ಕೂಡಲೇ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವ ಹುಡುಗಿ ವರ್ಬಲ್ ಎಬಿಲಿಟಿ ವಿಭಾಗದಲ್ಲಿ ಕಟಾಫ್ ದಾಟದೆ ಹೊರಗೆ ಕೂರುವುದನ್ನು ನಾವು ನೋಡ್ತಾನೇ ಇದ್ದೀವಿ. ಕೆಲಸಕ್ಕೆ ಇಂಗ್ಲಿಷ್ ಬೇಕು ಅಂದರೆ ಸರಿ, ಇಂಗ್ಲಿಷ್ ಪರೀಕ್ಷೆ ಅಂತಲೇ ಕರೀರಿ. ಅದಕ್ಕೆ ಸಾಮರ್ಥ್ಯ ಅಂತ ಹೆಸರಿಟ್ಟು, ಆ ಹುಡುಗಿ ರಾತ್ರಿಯೆಲ್ಲ ತನ್ನಲ್ಲೇ ಏನೋ ಕೊರತೆ ಇದೆ ಅಂತ ಕೊರಗುವ ಹಾಗೆ ಮಾಡಬೇಡಿ. ನೂರು ವರ್ಷದ ಹಿಂದೆ ಮೈಸೂರಿನ ಆ ಲ್ಯಾಬಿನಲ್ಲಿ ಕೈಗೆತ್ತಿಕೊಂಡ ಪ್ರಶ್ನೆ ಇದೇ.

ಈಗ ರೇಡಿಯೊ. 1935ರ ಸೆಪ್ಟೆಂಬರ್ 10. ಮೈಸೂರಿನ ವಿಠ್ಠಲ ವಿಹಾರ ಅನ್ನುವ ತಮ್ಮ ಮನೆಯಲ್ಲಿ ಗೋಪಾಲಸ್ವಾಮಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಯಾದವಗಿರಿಯಲ್ಲಿ ಈಗಿರುವ ಆಕಾಶವಾಣಿ ಕಟ್ಟಡದಿಂದ ಆ ಮನೆ ಕೂಗಳತೆ ದೂರ. 30 ವ್ಯಾಟ್ ಅಂದರೆ ಎಷ್ಟು? ಹಾಸ್ಟೆಲ್ಲಿನ ಸೀಲಿಂಗ್ ಫ್ಯಾನ್ ಅದರ ಎರಡು ಪಟ್ಟಿಗಿಂತ ಹೆಚ್ಚು ಕರೆಂಟು ತಿನ್ನತ್ತೆ. ಮೊದಲ ದಿನ ಕವನ ಓದಿದವರು ಕುವೆಂಪು ಅಂತ ಮೈಸೂರು ಆಕಾಶವಾಣಿಯ ಇತಿಹಾಸ ಹೇಳುವವರು ನೆನೆಯುತ್ತಾರೆ. ಅವರಾಗ ಮಹಾರಾಜಾ ಕಾಲೇಜಿನಲ್ಲೇ ಮೇಷ್ಟ್ರು. ಅಂದರೆ ಆ ಪುಟ್ಟ ಟ್ರಾನ್ಸ್‌ಮಿಟರಿನಿಂದ ಗಾಳಿಗೆ ಹೋದ ಮೊದಲ ದನಿಗಳಲ್ಲಿ ಒಂದು ಕುಪ್ಪಳಿಯದು, ನಮ್ಮ ಜಿಲ್ಲೆಯದು!

ಆ ಹೊತ್ತಿನಲ್ಲಿ ದೇಶದ ರೇಡಿಯೊ ಸ್ಥಿತಿ ನೋಡಿದರೆ ಇದರ ತೂಕ ತಿಳಿಯತ್ತೆ. 1927ರಲ್ಲಿ ಹುಟ್ಟಿದ ಖಾಸಗಿ ಪ್ರಸಾರ ಕಂಪನಿ ಮೂರೇ ವರ್ಷಕ್ಕೆ ಮುಳುಗಿತ್ತು. ಸರ್ಕಾರ ಅದನ್ನು ಅರೆಮನಸ್ಸಿನಿಂದ ನಡೆಸ್ತಿತ್ತು. ದೆಹಲಿ ಕೇಂದ್ರ ಶುರುವಾಗೋದು 1936ರ ಜನವರಿಯಲ್ಲಿ, ಆಲ್ ಇಂಡಿಯಾ ರೇಡಿಯೊ ಅನ್ನೋ ಹೆಸರು ಬರೋದು ಅದೇ ವರ್ಷದ ಜೂನಿನಲ್ಲಿ. ದೆಹಲಿಯವರು ಬಾಯಿ ತೆರೆಯುವ ಮೊದಲೇ ಮೈಸೂರಿನ ಮೇಷ್ಟ್ರ ಮನೆ ಮಾತಾಡ್ತಿತ್ತು.

ಮನಶ್ಶಾಸ್ತ್ರದವರಿಗೆ ರೇಡಿಯೊ ಯಾಕೆ ಬೇಕಿತ್ತು? ಹವ್ಯಾಸ ಅಂತ ಬರೆದು ಕೈತೊಳೆದುಕೊಳ್ಳುವವರ ಮಾತನ್ನು ನಾವು ಒಪ್ಪಲ್ಲ. ಆ ವರ್ಷಗಳಲ್ಲಿ ರೇಡಿಯೊ ಮನಶ್ಶಾಸ್ತ್ರದ ಬಿಸಿಬಿಸಿ ವಿಷಯ. ಅದೇ 1935ರಲ್ಲಿ ಅಮೆರಿಕದಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಮತ್ತು ಗಾರ್ಡನ್ ಆಲ್‌ಪೋರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ರೇಡಿಯೊದ ಮನಶ್ಶಾಸ್ತ್ರದ ಮೇಲೆ ಒಂದು ಪುಸ್ತಕವನ್ನೇ ತಂದರು. ಮುಖ ಕಾಣದ ಬರೀ ದನಿ ಕೇಳುವವರ ಮೇಲೆ ಹೇಗೆ ಕೆಲಸ ಮಾಡತ್ತೆ, ದನಿ ಕೇಳಿ ಮನುಷ್ಯನ ಸ್ವಭಾವ ಊಹಿಸಬಹುದಾ, ಹೇಳಿದ್ದು ಎಷ್ಟು ನೆನಪಿರತ್ತೆ, ಇಂಥವೆಲ್ಲ ಅವರ ಪ್ರಶ್ನೆಗಳು. ಮೂರು ವರ್ಷದ ನಂತರ ಮಂಗಳ ಗ್ರಹದವರು ಬಂದರು ಅನ್ನೋ ರೇಡಿಯೊ ನಾಟಕ ಕೇಳಿ ಅಮೆರಿಕದಲ್ಲಿ ಹಲವರು ನಿಜವೆಂದೇ ಹೆದರಿದಾಗ ಕ್ಯಾಂಟ್ರಿಲ್ ಅದನ್ನೂ ಅಧ್ಯಯನ ಮಾಡಿದರು. ಹಾರ್ವರ್ಡಿನ ಕಡೆಯವರು ರೇಡಿಯೊ ಬಗ್ಗೆ ಪುಸ್ತಕ ಬರೆದರು, ನಮ್ಮವರು ರೇಡಿಯೊವನ್ನೇ ಕಟ್ಟಿದರು. ಓದು ಬರಹ ಬಾರದವರೇ ಹೆಚ್ಚಿದ್ದ ನಾಡಿನಲ್ಲಿ ಅಕ್ಷರ ದಾಟಿ ಮನಸ್ಸಿಗೆ ನೇರ ಹೋಗುವ ದಾರಿ ಅದೊಂದೇ.

ಸಾರ್ವಜನಿಕರ ನೆರವು, ನಗರಸಭೆಯ ಸಹಾಯ, ಉಳಿದದ್ದು ಕೈಯಿಂದ. ಮುಂದೆ 250 ವ್ಯಾಟಿನ ಟ್ರಾನ್ಸ್‌ಮಿಟರ್ ಬಂತು. ಆರು ವರ್ಷದ ಆಸುಪಾಸು ಹೀಗೆ ನಡೆಸಿ, 1940ರ ದಶಕದ ಆರಂಭದಲ್ಲಿ ಕೇಂದ್ರವನ್ನು ಸಂಸ್ಥಾನದ ಸರ್ಕಾರಕ್ಕೆ ಒಪ್ಪಿಸಿದರು. ಒಬ್ಬ ಮೇಷ್ಟ್ರ ಜೇಬಿನ ಮೇಲೆ ಬಾನುಲಿ ಎಷ್ಟು ದಿನ ನಡೆದೀತು! 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊ ಜಾಲಕ್ಕೆ ಸೇರಿತು. 1955ರಲ್ಲಿ ಬೆಂಗಳೂರು ಕೇಂದ್ರ ಆಯಿತು.

ಭದ್ರಾವತಿ ಕೇಂದ್ರ ಹುಟ್ಟಿದ್ದು 1965ರಲ್ಲಿ. ಮೀಡಿಯಂ ವೇವ್ 675 ಕಿಲೋಹರ್ಟ್ಸ್, 20 ಕಿಲೋವ್ಯಾಟ್. ಈಗ ಎಫ್‌ಎಂ 103.5 ಕೂಡ ಇದೆ. ಕ್ಯಾಲ್ಕುಲೇಟರ್ ತೆಗೆಯಿರಿ. 675 ಕಿಲೋಹರ್ಟ್ಸಿಗೆ ತರಂಗಾಂತರ ಸುಮಾರು 444 ಮೀಟರ್, ಅದರ ಕಾಲುಭಾಗ 111 ಮೀಟರ್. ಮೀಡಿಯಂ ವೇವ್ ಅಂದರೆ ಯಾಕೆ ಅಷ್ಟೆತ್ತರದ ಕಂಬ ಅಂತ ಈಗ ತಿಳೀತಲ್ಲ. 30 ವ್ಯಾಟಿಗೆ ಹೋಲಿಸಿದರೆ 20 ಕಿಲೋವ್ಯಾಟ್ ಸುಮಾರು 667 ಪಟ್ಟು, ಡೆಸಿಬೆಲ್ ಲೆಕ್ಕದಲ್ಲಿ ಬರೀ 28. ಲಾಗರಿದಮ್ ಎಂಥ ದೊಡ್ಡಸ್ತಿಕೆಯನ್ನೂ ಎರಡಂಕಿಗೆ ಇಳಿಸಿಬಿಡತ್ತೆ ನೋಡಿ. ಮಲೆನಾಡಿನ ಒಂಟಿಮನೆಗಳಿಗೆ ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿ ಹೊರಗಿನ ಮನುಷ್ಯರ ದನಿ ಅಂತ ಇದ್ದದ್ದು ಸೆಲ್ಲು ಹಾಕಿದ ಆ ಡಬ್ಬಿಯೊಂದೇ. ಅದು ಎಷ್ಟು ಜನರ ಒಂಟಿತನ ಕಳೆದಿದೆಯೋ, ಅದಕ್ಕೆ ಯಾವ ಮಾಪನ ಪರೀಕ್ಷೆಯೂ ಇಲ್ಲ.

ಇನ್ನು ಸ್ಕಾಲರ್ಲಿ ಇಂಪ್ಯಾಕ್ಟ್ ವಿಚಾರ. ಎಚ್-ಇಂಡೆಕ್ಸ್ ನೋಡಿ ಮನುಷ್ಯರನ್ನು ತೂಗುವ ಕಾಲ ಇದು. ಗೋಪಾಲಸ್ವಾಮಿಯವರನ್ನು ಆ ತಕ್ಕಡಿಗೆ ಹಾಕಿದರೆ ಮೇಲಕ್ಕೆ ಹಾರಿಹೋಗ್ತಾರೆ. ಹುಡುಕುವುದೂ ಕಷ್ಟ. ಲಂಡನ್ನಿನ ಜರ್ನಲ್ಲಿನಲ್ಲಿ ಅವರ ಹೆಸರಿನ ಕೊನೆಗೆ ಐ, ಬೇರೆ ಕಡೆ ವೈ. ಇಂಗ್ಲಿಷಿನ ಒಂದಕ್ಷರ ಬದಲಾದರೆ ಸರ್ಚ್ ಎಂಜಿನ್ನಿಗೆ ಇಬ್ಬರು ಮನುಷ್ಯರು. ಆದರೆ ಅವರು ಎಬ್ಬಿಸಿದ ವಿಭಾಗ ನಿಂತಿತು. ಮುಂದೆ ಅದೇ ವಿಭಾಗದಲ್ಲಿ ಪ್ರೊಫೆಸರ್ ಆಗಿದ್ದ ಬಿ. ಕುಪ್ಪುಸ್ವಾಮಿ ಅವರ ಹೆಸರಿನ ಅಳತೆಗೋಲನ್ನು ಇವತ್ತಿಗೂ ದೇಶದ ಮೆಡಿಕಲ್ ಕಾಲೇಜುಗಳು ದಿನನಿತ್ಯ ಬಳಸುತ್ತವೆ. ಓದು, ಉದ್ಯೋಗ, ಕುಟುಂಬದ ಆದಾಯ ಈ ಮೂರರಿಂದ ನಗರದ ಒಂದು ಮನೆಯ ಸ್ಥಿತಿಗತಿ ಅಳೆಯುವ ಸೂತ್ರ ಅದು, 1976ರಲ್ಲಿ ಬಂದದ್ದು. ಬೆಲೆ ಏರಿದ ಹಾಗೆಲ್ಲ ಆದಾಯದ ಅಂಕಿ ತಿದ್ದಿ ತಿದ್ದಿ ಹೊಸದು ಮಾಡ್ತಾರೆ. ಶಿವಮೊಗ್ಗದ ಮೆಡಿಕಲ್ ಓದುವ ಗೆಳೆಯರನ್ನು ಕೇಳಿ, ಕಮ್ಯುನಿಟಿ ಮೆಡಿಸಿನ್ ಪಾಠದಲ್ಲಿ ಈ ಹೆಸರು ಕೇಳದವರಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆಯಿತು, 1974ರಲ್ಲಿ ನಿಮ್ಹಾನ್ಸ್ ಅಂತ ಬೆಳೆಯಿತು. ಲ್ಯಾಬಿನ ಮನಶ್ಶಾಸ್ತ್ರ ಅಲ್ಲಿ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂತು.

ಆ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ, ಬೆಂಗಳೂರಿನ ಟ್ರಿಪಲ್ ಐಟಿ ತಂತ್ರಜ್ಞಾನದ ಬೆಂಬಲ ಕೊಟ್ಟು, 2022ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಅನ್ನುವ ಫೋನ್ ಸೇವೆ ಶುರುವಾಯಿತು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. ಕೌನ್ಸೆಲರ್ ಕೋಣೆಯ ಬಾಗಿಲು ತಟ್ಟಲು ಹಿಂಜರಿಯುವ ನಮ್ಮಂಥವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಕಾರಿಡಾರಿನಲ್ಲಿ ಯಾರೂ ನೋಡಲ್ಲ. ಮುಖ ಕಾಣದು, ದನಿ ಮಾತ್ರ. ರೂಮ್‌ಮೇಟ್ ಮೂರು ದಿನದಿಂದ ಊಟಕ್ಕೆ ಬರ್ತಿಲ್ಲ, ಕ್ಲಾಸಿಗೂ ಇಲ್ಲ ಅಂತಾದರೆ ಅವನ ಪಕ್ಕ ಕೂತು ನೀವೇ ಡಯಲ್ ಮಾಡಿ ಕೊಡಬಹುದು.

ಹೆಸರಿನ ಸುದ್ದಿ ಬಾಕಿ ಉಳಿಯಿತು. ಆಕಾಶವಾಣಿ ಅನ್ನೋ ಪದ ಟ್ಯಾಗೋರ್ ಕೊಟ್ಟದ್ದು ಅಂತ ಕ್ವಿಜ್ ಪುಸ್ತಕಗಳಲ್ಲಿ ಓದಿರ್ತೀರಿ. ಕಲ್ಕತ್ತಾ ಕೇಂದ್ರಕ್ಕಾಗಿ ಅವರು ಬರೆದ ಕವಿತೆ 1930ರ ದಶಕದ ಕೊನೆಯದು, ಮೈಸೂರಿನಲ್ಲಿ ಅಷ್ಟರಲ್ಲಾಗಲೇ ಆ ಹೆಸರು ಬಳಕೆಯಲ್ಲಿತ್ತು. ಮಹಾರಾಜಾ ಕಾಲೇಜಿನಲ್ಲೇ ಇದ್ದ ಹಾಸ್ಯಸಾಹಿತಿ ನಾ. ಕಸ್ತೂರಿಯವರು ಅದನ್ನು ಸೂಚಿಸಿದರು ಅನ್ನುವವರಿದ್ದಾರೆ, ಗೋಪಾಲಸ್ವಾಮಿಯವರದೇ ಅನ್ನುವವರೂ ಇದ್ದಾರೆ. ಯಾರ ಬಾಯಿಂದ ಮೊದಲು ಬಂದರೂ ಹುಟ್ಟಿದ ಊರು ಮೈಸೂರೇ. 1950ರ ದಶಕದ ಕೊನೆಯ ಹೊತ್ತಿಗೆ ಇಡೀ ದೇಶದ ರೇಡಿಯೊ ಆ ಹೆಸರು ತೊಟ್ಟಿತು. ಇಂಗ್ಲಿಷಿನಲ್ಲಿ ಮಾತ್ರ ಆಲ್ ಇಂಡಿಯಾ ರೇಡಿಯೊ ಅಂತಲೇ ನಡೀತಿತ್ತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ಅದನ್ನೂ ಬಿಟ್ಟು, ಎಲ್ಲ ಭಾಷೆಯಲ್ಲೂ ಆಕಾಶವಾಣಿ ಅಂತಲೇ ಹೇಳಬೇಕು ಅಂತ ಕೇಂದ್ರಗಳಿಗೆ ತಿಳಿಸಿತು. ವಿಠ್ಠಲ ವಿಹಾರದ ಆ 30 ವ್ಯಾಟ್ ಹೊತ್ತಿ ಆಗ 88ನೇ ವರ್ಷ ನಡೀತಿತ್ತು.